‘ಯಾವುದು ಸರಿ?’: ದಿನಬಳಕೆಯ ಇಂಗ್ಲಿಷ್ ವಾಕ್ಯವನ್ನು ನೀವೇ ತಿದ್ದಿಕೊಳ್ಳುವ ಬಗೆ

ಮಡಿಕೇರಿ ಸುತ್ತಮುತ್ತ ಹೋಮ್‌ಸ್ಟೇ ನಡೆಸುವವರು, ಗೋಣಿಕೊಪ್ಪಲಿನಿಂದ ಹೊರಗಿನ ಕಾಫಿ ಖರೀದಿದಾರರಿಗೆ ಸಂದೇಶ ಕಳಿಸುವ ಬೆಳೆಗಾರರು, ಮಕ್ಕಳ ಶಾಲೆಗೆ ರಜೆ ಅರ್ಜಿ ಬರೆಯಬೇಕಾದ ತಂದೆತಾಯಿಯರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. ಎರಡು ಇಂಗ್ಲಿಷ್ ವಾಕ್ಯಗಳನ್ನು ಮುಂದಿಟ್ಟು ‘ಇವೆರಡರಲ್ಲಿ ಯಾವುದು ಸರಿ?’ ಎನ್ನುತ್ತಾರೆ. ಪ್ರತಿಯೊಂದಕ್ಕೂ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ, ಉತ್ತರವನ್ನು ನೀವೇ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಈ ಕ್ರಮಕ್ಕೆ ಆಧಾರವಾಗಿರುವುದು ಒಂದು ಗಮನಿಕೆ. ನಮ್ಮ ತಪ್ಪುಗಳಲ್ಲಿ ಬಹುಪಾಲು ಇಂಗ್ಲಿಷ್ ತಿಳಿಯದೆ ಆಗುವಂಥವಲ್ಲ. ಕನ್ನಡ ಚೆನ್ನಾಗಿ ತಿಳಿದಿರುವುದರಿಂದ ಆಗುವಂಥವು. ವಾಕ್ಯ ಮೊದಲು ಕನ್ನಡದಲ್ಲಿ ಹುಟ್ಟುತ್ತದೆ, ಆಮೇಲೆ ಇಂಗ್ಲಿಷಿನ ಅಂಗಿ ತೊಡುತ್ತದೆ. ಮನೆಯಲ್ಲಿ ಅರೆಭಾಷೆಯನ್ನೋ ಕೊಡವ ತಕ್ಕನ್ನೋ ಆಡುವವರಿಗೂ ಈ ಮಾತು ಹೆಚ್ಚುಕಡಿಮೆ ಹಾಗೆಯೇ ಸಲ್ಲುತ್ತದೆ, ಏಕೆಂದರೆ ಅಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿ ಪ್ರತ್ಯಯ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಅನುಮಾನ ಬಂದಾಗಲೆಲ್ಲ ಮೊದಲು ಕೇಳಿಕೊಳ್ಳಬೇಕಾದದ್ದು ‘ಈ ಇಂಗ್ಲಿಷ್ ವಾಕ್ಯದ ಹಿಂದೆ ಯಾವ ಕನ್ನಡ ವಾಕ್ಯವಿದೆ?’ ಎಂಬುದನ್ನು.

ಬೇಕಾಗುವ ಸಾಮಗ್ರಿ

ಒಂದು ನೋಟ್‌ಬುಕ್, ಕಲಿಯುವವರಿಗಾಗಿಯೇ ಮಾಡಿದ ಒಂದು ಇಂಗ್ಲಿಷ್ ನಿಘಂಟು, ಸಂದೇಶ ಬರೆದ ಮೇಲೆ ಕಳಿಸುವ ಮುನ್ನ ಹತ್ತು ನಿಮಿಷ ಬಿಡುವು, ಇಷ್ಟು ಸಾಕು. ಕಲಿಯುವವರ ನಿಘಂಟನ್ನೇ ಹೇಳಲು ಕಾರಣವಿದೆ: ಅದರಲ್ಲಿ ನಾಮಪದದ ಪಕ್ಕ ‘ಸಿ’ ಅಥವಾ ‘ಯು’ ಎಂಬ ಇಂಗ್ಲಿಷ್ ಅಕ್ಷರವಿರುತ್ತದೆ. ‘ಸಿ’ ಎಂದರೆ ಎಣಿಸಬಹುದಾದ ಪದ, ‘ಯು’ ಎಂದರೆ ಎಣಿಸಲಾಗದ ಪದ. ಇದರ ಉಪಯೋಗ ಐದನೆಯ ಹಂತದಲ್ಲಿ ಬರುತ್ತದೆ.

ಮೊಬೈಲ್ ಫೋನು ತಪ್ಪು ಪದದ ಕೆಳಗೆ ಕೆಂಪು ಗೆರೆ ಎಳೆಯುವುದನ್ನು ಪೂರ್ತಿ ನಂಬಬೇಡಿ. ಸಾಮಾನ್ಯವಾಗಿ ಅದು ನೋಡುವುದು ಕಾಗುಣಿತವನ್ನು. ಕಾಗುಣಿತ ಸರಿಯಿದ್ದು ಪದವೇ ತಪ್ಪಾಗಿದ್ದರೆ ಸುಮ್ಮನಿದ್ದುಬಿಡುತ್ತದೆ. ಅನುವಾದದ ಆ್ಯಪ್‌ಗಳು ಈಗ ಸಾಕಷ್ಟು ಸುಧಾರಿಸಿವೆಯಾದರೂ ನೀವು ಕೊಟ್ಟ ಕನ್ನಡ ವಾಕ್ಯದಲ್ಲಿ ಕರ್ತೃ ಇಲ್ಲದಿದ್ದರೆ ಅವು ಊಹಿಸುತ್ತವೆ. ಕನ್ನಡದಲ್ಲಿ ‘ನಾಳೆ ಬರಬೇಕು’ ಎಂದರೆ ಸಾಕು. ಬರಬೇಕಾದವರು ಯಾರು ಎಂಬುದನ್ನು ಇಂಗ್ಲಿಷ್ ಹೇಳಲೇಬೇಕು.

1. ಕ್ರಿಯಾಪದದ ಕಾಲವನ್ನು ಮೊದಲು ನೋಡಿ

ವಾಕ್ಯದಲ್ಲಿ ಹತ್ತು ಪದಗಳಿದ್ದರೂ ಮೊದಲು ಬೆರಳಿಡಬೇಕಾದದ್ದು ಕ್ರಿಯಾಪದದ ಮೇಲೆ. ನನಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೊಂದರ ಸುತ್ತಲೇ ಇರುವುದರಿಂದ ಈ ಹಂತವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

‘ನಿನ್ನೆ ಮಡಿಕೇರಿಗೆ ಹೋಗಿದ್ದೆ’ ಎಂಬುದು ಶುದ್ಧ ಕನ್ನಡ. ಅದರ ‘ಇದ್ದೆ’ ಎಂಬ ಬಾಲವನ್ನು ಬಿಡಲಾರದೆ ನಾವು ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮಡಿಕೇರಿ’ ಎಂದು ಬರೆಯುತ್ತೇವೆ. ಇಂಗ್ಲಿಷಿಗೆ ಇಲ್ಲಿ ಬೇಕಾದದ್ದು ‘ಐ ವೆಂಟ್ ಟು ಮಡಿಕೇರಿ ಯೆಸ್ಟರ್‌ಡೇ’ ಎಂಬ ಸರಳ ಭೂತಕಾಲ. ‘ಹ್ಯಾಡ್’ ಸೇರಿದ ರೂಪ ಬರುವುದು ಎರಡು ಹಳೆಯ ಘಟನೆಗಳಿದ್ದು, ಒಂದು ಇನ್ನೊಂದಕ್ಕಿಂತ ಮೊದಲೇ ಮುಗಿದಿತ್ತು ಎಂದು ಹೇಳಬೇಕಾದಾಗ. ನಾವು ನಿಲ್ದಾಣ ತಲುಪುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು ಎನ್ನುವಾಗ ‘ವೆನ್ ವಿ ರೀಚ್ಡ್ ದಿ ಬಸ್ ಸ್ಟ್ಯಾಂಡ್, ದಿ ಬಸ್ ಹ್ಯಾಡ್ ಲೆಫ್ಟ್’ ಎಂಬುದು ಸರಿ. ನಿಮ್ಮ ವಾಕ್ಯದಲ್ಲಿ ಇರುವುದು ಒಂದೇ ಘಟನೆಯಾಗಿದ್ದರೆ, ಅದಕ್ಕಿಂತ ಈಚಿನ ಇನ್ನೊಂದು ಘಟನೆಯ ಮಾತು ಹಿಂದುಮುಂದಿನ ವಾಕ್ಯದಲ್ಲೂ ಬಂದಿಲ್ಲದಿದ್ದರೆ, ‘ಹ್ಯಾಡ್’ ತೆಗೆದುಹಾಕಿ.

ಇದರ ಅಕ್ಕಪಕ್ಕದ ತಪ್ಪು ‘ಹ್ಯಾವ್’ ರೂಪದ್ದು. ‘ನಿನ್ನೆ ದುಡ್ಡು ಕಳಿಸಿದ್ದೇನೆ’ ಎಂದು ಕನ್ನಡದಲ್ಲಿ ಹೇಳಬಹುದು. ‘ಐ ಹ್ಯಾವ್ ಸೆಂಟ್ ದಿ ಮನಿ ಯೆಸ್ಟರ್‌ಡೇ’ ಎಂದು ಇಂಗ್ಲಿಷಿನಲ್ಲಿ ಹೇಳುವಂತಿಲ್ಲ. ನಿನ್ನೆ, ಕಳೆದ ವಾರ, 2018ರಲ್ಲಿ, ಎರಡು ಗಂಟೆಯ ಹಿಂದೆ ಎಂದು ಮುಗಿದುಹೋದ ಸಮಯವನ್ನು ಹೇಳಿದ ಕೂಡಲೇ ‘ಹ್ಯಾವ್’ ಜಾಗ ಬಿಡಬೇಕು: ‘ಐ ಸೆಂಟ್ ದಿ ಮನಿ ಯೆಸ್ಟರ್‌ಡೇ’. ಸಮಯ ಹೇಳದೆ, ಕೆಲಸ ಆಗಿದೆ ಎಂಬುದಷ್ಟೇ ಮುಖ್ಯವಾದಾಗ ‘ಐ ಹ್ಯಾವ್ ಸೆಂಟ್ ದಿ ಮನಿ’ ಸರಿಯೇ.

ಮೂರನೆಯದು ‘ಇಂಗ್’ ಬಾಲದ ಅತಿಬಳಕೆ. ‘ವಿ ಆರ್ ಹ್ಯಾವಿಂಗ್ ಫೈವ್ ಏಕರ್ಸ್’, ‘ಐ ಆ್ಯಮ್ ನೋಯಿಂಗ್ ಹಿಮ್’ ಎಂಬ ವಾಕ್ಯಗಳನ್ನು ಕೇಳಿಯೇ ಇರುತ್ತೀರಿ. ತಿಳಿದಿರುವುದು, ಇಷ್ಟಪಡುವುದು, ನಂಬುವುದು, ಸ್ವಂತದ್ದಾಗಿರುವುದು ಇವು ನಡೆಯುತ್ತಿರುವ ಕೆಲಸಗಳಲ್ಲ, ಇರುವ ಸ್ಥಿತಿಗಳು. ಸ್ಥಿತಿಯನ್ನು ಹೇಳುವ ಕ್ರಿಯಾಪದಕ್ಕೆ ಸಾಮಾನ್ಯವಾಗಿ ‘ಇಂಗ್’ ಹತ್ತುವುದಿಲ್ಲ: ‘ವಿ ಹ್ಯಾವ್ ಫೈವ್ ಏಕರ್ಸ್’, ‘ಐ ನೋ ಹಿಮ್’. ಆದರೆ ಇಲ್ಲೊಂದು ಎಚ್ಚರಿಕೆ. ‘ಹ್ಯಾವ್’ ಎಂಬುದಕ್ಕೆ ತಿನ್ನುವ, ಕುಡಿಯುವ ಅರ್ಥವೂ ಇದೆ, ಆಗ ಅದು ಕೆಲಸವಾಗುತ್ತದೆ. ‘ದಿ ಗೆಸ್ಟ್ಸ್ ಆರ್ ಹ್ಯಾವಿಂಗ್ ಬ್ರೇಕ್‌ಫಾಸ್ಟ್’ ತಪ್ಪಲ್ಲ. ಹೊಸದಾಗಿ ನಿಯಮ ಕಲಿತವರು ಇಂಥ ಸರಿಯಾದ ವಾಕ್ಯವನ್ನು ತಿದ್ದಿ ಕೆಡಿಸುವುದುಂಟು.

ನಾಲ್ಕನೆಯದು ‘ಇಂದ’ ಪ್ರತ್ಯಯ. 2015ರಿಂದ ಇಲ್ಲಿದ್ದೇನೆ, ಹತ್ತು ವರ್ಷದಿಂದ ಇಲ್ಲಿದ್ದೇನೆ ಎಂದು ಎರಡಕ್ಕೂ ನಮ್ಮಲ್ಲಿ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಆರಂಭದ ಬಿಂದುವಿಗೆ ‘ಸಿನ್ಸ್’, ಅವಧಿಯ ಉದ್ದಕ್ಕೆ ‘ಫಾರ್’: ‘ಸಿನ್ಸ್ 2015’, ‘ಫಾರ್ ಟೆನ್ ಇಯರ್ಸ್’. ಜೊತೆಗೆ ಕ್ರಿಯಾಪದವೂ ಬದಲಾಗಬೇಕು. ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂಬ ಒಂದೇ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ತಿದ್ದಿದ ಮೇಲೆ ಅದು ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್’ ಆಗುತ್ತದೆ.

‘ಕುಶಾಲನಗರ ತಲುಪಿದ ಮೇಲೆ ಫೋನ್ ಮಾಡಿ’ ಎಂಬ ಮಾತನ್ನು ಹೋಮ್‌ಸ್ಟೇಯವರು ದಿನವೂ ಬರೆಯುತ್ತಾರೆ. ಕೊಡಗಿಗೆ ರೈಲು ಇಲ್ಲದಿರುವುದರಿಂದ ದಾರಿ ಹೇಳುವ ಸಂದೇಶಗಳೇ ಹೆಚ್ಚು. ಮುಂದೆ ನಡೆಯಬೇಕಾದ ಕೆಲಸ ಎಂಬ ಕಾರಣಕ್ಕೆ ಕೆಲವರು ‘ಆಫ್ಟರ್ ಯು ವಿಲ್ ರೀಚ್’ ಎನ್ನುತ್ತಾರೆ. ಕನ್ನಡದ ‘ತಲುಪಿದ’ ಎಂಬ ಭೂತಕೃದಂತವನ್ನು ನೋಡಿ ಇನ್ನು ಕೆಲವರು ‘ಆಫ್ಟರ್ ಯು ರೀಚ್ಡ್’ ಎನ್ನುತ್ತಾರೆ. ಎರಡೂ ಅಲ್ಲ. ಮುಂದಿನ ಮಾತನ್ನು ಆಡುವಾಗ ‘ವೆನ್’, ‘ಆಫ್ಟರ್’, ‘ಬಿಫೋರ್’, ‘ಇಫ್’ ಎಂಬ ಪದಗಳ ಬೆನ್ನಿಗೆ ಬರುವುದು ವರ್ತಮಾನ ರೂಪ: ‘ಕಾಲ್ ಮಿ ಆಫ್ಟರ್ ಯು ರೀಚ್ ಕುಶಾಲನಗರ್’.

‘ಡಿಡ್’ ಬಂದಮೇಲೆ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ ಎಂಬುದು ಶಾಲೆಯಲ್ಲೇ ಕಲಿತ ಪಾಠ. ಆದರೂ ‘ಡಿಡ್ ನಾಟ್ ಕೇಮ್’ ಎಂಬುದು ಬರವಣಿಗೆಯಲ್ಲಿ ಇಣುಕುತ್ತಲೇ ಇರುತ್ತದೆ. ಒಮ್ಮೆ ಗಟ್ಟಿಯಾಗಿ ಓದಿಕೊಂಡರೆ ಕಿವಿಯೇ ಹಿಡಿಯುತ್ತದೆ.

2. ಪ್ರಶ್ನೆ ಮತ್ತು ಉತ್ತರಗಳನ್ನು ಪರೀಕ್ಷಿಸಿ

ಮೊದಲು ಉತ್ತರವನ್ನೇ ನೋಡೋಣ, ಏಕೆಂದರೆ ಇಲ್ಲಿ ಆಗುವ ತಪ್ಪು ವ್ಯವಹಾರವನ್ನೇ ಕೆಡಿಸಬಲ್ಲದು. ‘ನೀವು ಇನ್ನೂ ಊಟ ಮಾಡಿಲ್ಲವೇ?’ ಎಂದರೆ ನಾವು ‘ಹೌದು, ಮಾಡಿಲ್ಲ’ ಎನ್ನುತ್ತೇವೆ. ಕೇಳಿದವರ ಊಹೆಯನ್ನು ಒಪ್ಪುವುದು ನಮ್ಮ ‘ಹೌದು’. ಇಂಗ್ಲಿಷಿನ ‘ಯೆಸ್’ ಊಹೆಯನ್ನು ನೋಡುವುದಿಲ್ಲ, ಸಂಗತಿಯನ್ನು ನೋಡುತ್ತದೆ. ಮಾಡಿಲ್ಲವಾದರೆ ‘ನೋ, ಐ ಹ್ಯಾವೆಂಟ್’ ಎಂದೇ ಹೇಳಬೇಕು. ಅತಿಥಿಯೊಬ್ಬರು ‘ಡೋಂಟ್ ಯು ಅಕ್ಸೆಪ್ಟ್ ಕಾರ್ಡ್ಸ್?’ ಎಂದು ಕೇಳಿದಾಗ, ನೀವು ಕಾರ್ಡ್ ತೆಗೆದುಕೊಳ್ಳುವುದಿಲ್ಲ ಎಂಬರ್ಥದಲ್ಲಿ ‘ಯೆಸ್’ ಎಂದರೆ, ಅವರು ಜೇಬಿನಲ್ಲಿ ನಗದು ಇಲ್ಲದೆ ಬಂದಿಳಿಯುತ್ತಾರೆ. ಇಂಥ ಪ್ರಶ್ನೆಗೆ ಬರೀ ‘ಯೆಸ್’ ಅಥವಾ ‘ನೋ’ ಎಂದು ನಿಲ್ಲಿಸದೆ, ‘ನೋ, ವಿ ಡೋಂಟ್’ ಎಂದು ವಾಕ್ಯ ಪೂರ್ತಿ ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಎಂಬ ಪ್ರಶ್ನೆಯೂ ಇದೇ ಜಾತಿಯದು. ಅದರ ಅರ್ಥ ‘ಇಲ್ಲಿ ಕೂತರೆ ನಿಮಗೆ ಬೇಸರವೇ?’ ಎಂದು. ಕೂರಲಿ ಎಂದಿದ್ದರೆ ಉತ್ತರ ‘ನೋ, ನಾಟ್ ಅಟ್ ಆಲ್’.

ಇನ್ನು ಪ್ರಶ್ನೆ ಕೇಳುವ ರೀತಿ. ‘ವೇರ್ ಈಸ್ ದಿ ಬಸ್ ಸ್ಟ್ಯಾಂಡ್?’ ಸರಿ. ಅದನ್ನೇ ಇನ್ನೊಂದು ವಾಕ್ಯದೊಳಗೆ ಇಟ್ಟಾಗ ಪ್ರಶ್ನೆಯ ಪದಕ್ರಮ ಕಳಚಿಕೊಳ್ಳಬೇಕು: ‘ಕುಡ್ ಯು ಟೆಲ್ ಮಿ ವೇರ್ ದಿ ಬಸ್ ಸ್ಟ್ಯಾಂಡ್ ಈಸ್?’ ಹಾಗೆಯೇ ‘ಐ ಡೋಂಟ್ ನೋ ವಾಟ್ ಈಸ್ ದಿ ರೇಟ್’ ಅಲ್ಲ, ‘ಐ ಡೋಂಟ್ ನೋ ವಾಟ್ ದಿ ರೇಟ್ ಈಸ್’. ನಮ್ಮಲ್ಲಿ ‘ಬಸ್ ನಿಲ್ದಾಣ ಎಲ್ಲಿದೆ?’ ಮತ್ತು ‘ಬಸ್ ನಿಲ್ದಾಣ ಎಲ್ಲಿದೆ ಎಂದು ಹೇಳುತ್ತೀರಾ?’ ಎರಡರಲ್ಲೂ ಪದಗಳ ಸಾಲು ಕದಲುವುದಿಲ್ಲ. ತೊಡಕಿನ ಮೂಲ ಅದು.

ವಾಕ್ಯದ ಕೊನೆಗೆ ಎಲ್ಲೆಂದರಲ್ಲಿ ‘ಇಸಂಟ್ ಇಟ್?’ ಸೇರಿಸುವುದು ನಮ್ಮ ‘ಅಲ್ಲವೇ?’ಯ ನೆರಳು. ‘ಯು ಆರ್ ಕಮಿಂಗ್, ಆರಂಟ್ ಯು?’ ಎಂದು ವಾಕ್ಯದ ಮೊದಲ ಭಾಗಕ್ಕೆ ಹೊಂದಿಸುವುದು ಕಷ್ಟವೆನಿಸಿದರೆ ಕೊನೆಯಲ್ಲಿ ‘ರೈಟ್?’ ಎಂದು ಬಿಡಿ. ಮಾತಿಗೆ ಅಷ್ಟು ಸಾಕು.

3. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಸರ್ವನಾಮ ನೋಡಿ

ಡ್ರೈವರ್ ‘ನಾನು ಬರುತ್ತೇನೆ’ ಎಂದಿದ್ದಾನೆ. ಅದನ್ನು ನಾವು ‘ಡ್ರೈವರ್ ಬರುತ್ತೇನೆ ಎಂದ’ ಎಂದು ಅವನ ಮಾತನ್ನು ಅವನ ಬಾಯಿಂದಲೇ ಹೇಳಿಸಿ ಮುಗಿಸುತ್ತೇವೆ. ‘ಎಂದು’ ಎಂಬ ಪದ ಅಷ್ಟು ಸಮರ್ಥವಾದದ್ದು. ಇಂಗ್ಲಿಷಿನಲ್ಲಿ ‘ದಿ ಡ್ರೈವರ್ ಟೋಲ್ಡ್ ದಟ್ ಐ ವಿಲ್ ಕಮ್’ ಎಂದು ಬರೆದರೆ ಬರುವವರು ನೀವು ಎಂದಾಗುತ್ತದೆ. ‘ದಿ ಡ್ರೈವರ್ ಸೆಡ್ ಹಿ ವುಡ್ ಕಮ್’ ಎಂದು ಬರೆಯಿರಿ: ‘ಐ’ ಹೋಗಿ ‘ಹಿ’ ಬಂತು, ‘ವಿಲ್’ ಹೋಗಿ ‘ವುಡ್’ ಬಂತು.

‘ಸೇ’ ಮತ್ತು ‘ಟೆಲ್’ ಎರಡಕ್ಕೂ ನಮ್ಮಲ್ಲಿ ‘ಹೇಳು’ ಒಂದೇ. ‘ಟೆಲ್’ ಬಂದರೆ ಯಾರಿಗೆ ಎಂಬುದು ಬೆನ್ನಿಗೇ ಬರಬೇಕು: ‘ಹಿ ಟೋಲ್ಡ್ ಮಿ’. ‘ಸೇ’ಗೆ ಆ ಹಂಗಿಲ್ಲ: ‘ಹಿ ಸೆಡ್ ದಟ್’. ‘ಟೋಲ್ಡ್ ಟು ಮಿ’ ಎಂಬುದೂ, ‘ಎಕ್ಸ್‌ಪ್ಲೇನ್ ಮಿ’ ಎಂಬುದೂ ತಪ್ಪು. ಮೊದಲನೆಯದಕ್ಕೆ ‘ಟು’ ಬೇಡ, ಎರಡನೆಯದಕ್ಕೆ ಬೇಕು. ಇದಕ್ಕೆ ತರ್ಕ ಹುಡುಕಬೇಡಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

4. ಎ, ಆನ್, ದಿ: ಈ ಮೂರನ್ನು ಕೊನೆಗೆ ಬಿಡಬೇಡಿ

ಇವಕ್ಕೆ ವ್ಯಾಕರಣದಲ್ಲಿ ಆರ್ಟಿಕಲ್ ಎಂದು ಹೆಸರು. ನಾಮಪದ ಗೊತ್ತಿರುವ ವಸ್ತುವೋ ಹೊಸದೋ ಎಂದು ಮುಂಚೆಯೇ ಸೂಚಿಸುವ ಗುರುತುಗಳು. ಕನ್ನಡದಲ್ಲಿ ಇಂಥವು ಇಲ್ಲ. ಹಾಗಾಗಿ ನಾವು ಒಂದೋ ಬಿಟ್ಟುಬಿಡುತ್ತೇವೆ, ಇಲ್ಲವೇ ಕಂಡಕಂಡಲ್ಲಿ ‘ದಿ’ ಉದುರಿಸುತ್ತೇವೆ.

ಕೇಳುವವರು ‘ಯಾವುದು?’ ಎಂದು ಕೇಳಬಹುದಾದ ಒಂದು ವಸ್ತುವಿಗೆ ‘ಎ’ ಅಥವಾ ‘ಆನ್’. ‘ಯಾವುದು’ ಎಂಬುದು ಇಬ್ಬರಿಗೂ ಗೊತ್ತಿದ್ದರೆ ‘ದಿ’. ‘ವಿ ಹ್ಯಾವ್ ಎ ಜೀಪ್’ ಎಂದು ಮೊದಲ ಸಲ ಹೇಳಿ, ಆಮೇಲೆ ‘ದಿ ಜೀಪ್ ವಿಲ್ ಕಮ್ ಅಟ್ ನೈನ್’ ಎನ್ನಬೇಕು.

‘ಎ’ ಬರಬೇಕೋ ‘ಆನ್’ ಬರಬೇಕೋ ಎಂಬುದಕ್ಕೆ ಕನ್ನಡಿಗರಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನ ಕಾಗುಣಿತವನ್ನು ಮರೆತು, ಮುಂದಿನ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಮೊದಲ ಅಕ್ಷರ ಸ್ವರವಾದರೆ ‘ಆನ್’, ವ್ಯಂಜನವಾದರೆ ‘ಎ’. ‘ಅವರ್’ ಎಂದರೆ ಗಂಟೆ, ಅಕಾರದಿಂದ ಶುರುವಾಗುತ್ತದೆ, ಆದ್ದರಿಂದ ‘ಆನ್ ಅವರ್’. ‘ಯೂನಿವರ್ಸಿಟಿ’ ಯಕಾರದಿಂದ, ಆದ್ದರಿಂದ ‘ಎ ಯೂನಿವರ್ಸಿಟಿ’. ‘ಆನ್ ಎಂಎಲ್‌ಎ’, ‘ಆನ್ ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟ್’, ‘ಆನ್ ಎಫ್‌ಐಆರ್’, ಆದರೆ ‘ಎ ಯುಪಿಐ ಪೇಮೆಂಟ್’. ಧ್ವನಿಯಂತೆ ಬರೆಯುವ ನಮ್ಮ ಲಿಪಿ ಇಂಗ್ಲಿಷಿನ ಗುಟ್ಟನ್ನು ಇಲ್ಲಿ ಬಯಲು ಮಾಡುತ್ತದೆ. ಒಂದೇ ಜಾಗರೂಕತೆ: ‘ಒಂದು’ ಎಂಬರ್ಥದ ಇಂಗ್ಲಿಷ್ ಪದವನ್ನು ನಾವು ರೂಢಿಯಲ್ಲಿ ‘ಒನ್’ ಎಂದು ಬರೆದರೂ ಅದರ ಉಚ್ಚಾರ ‘ವನ್’. ಹಾಗಾಗಿ ‘ಎ ಒನ್ ಡೇ ಟ್ರಿಪ್’ ಎಂಬುದೇ ಸರಿ. ಎಗ್ ಎಂಬುದನ್ನು ‘ಯೆಗ್’ ಎಂದು ಎಳೆಯುವವರೂ ಸ್ವಲ್ಪ ಹುಷಾರಾಗಿರಬೇಕು.

ಊರು, ಜಿಲ್ಲೆಗಳ ಹೆಸರಿಗೆ ‘ದಿ’ ಬೇಡ: ಮಡಿಕೇರಿ, ವಿರಾಜಪೇಟೆ, ಕೂರ್ಗ್. ಒಂಟಿ ಬೆಟ್ಟಕ್ಕೂ ಬೇಡ. ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಬರೀ ತಡಿಯಂಡಮೋಳ್. ಆದರೆ ಪರ್ವತ ಸಾಲಿಗೆ ಬೇಕು: ‘ದಿ ವೆಸ್ಟರ್ನ್ ಘಾಟ್ಸ್’. ನದಿಗೂ ಬೇಕು: ‘ದಿ ಕಾವೇರಿ’, ‘ದಿ ಹಾರಂಗಿ’. ಅಬ್ಬಿ ಫಾಲ್ಸ್, ರಾಜಾಸ್ ಸೀಟ್ ಇವುಗಳ ಮುಂದೆ ‘ದಿ’ ಹಾಕುವ ಅಗತ್ಯವಿಲ್ಲ.

5. ಎಣಿಕೆ

‘ಎರಡು ರೂಮು’, ‘ಹತ್ತು ಮೂಟೆ’, ‘ಮೂರು ದಿನ’ ಎಂದು ಸಂಖ್ಯೆ ಹೇಳಿದ ಮೇಲೆ ಬಹುವಚನ ಬೇಕಿಲ್ಲದಿರುವುದು ಕನ್ನಡದ ಸೊಗಸು. ಇಂಗ್ಲಿಷಿಗೆ ಆ ಔದಾರ್ಯವಿಲ್ಲ: ‘ಟೂ ರೂಮ್ಸ್’, ‘ಟೆನ್ ಬ್ಯಾಗ್ಸ್’, ‘ತ್ರೀ ಡೇಸ್’. ಆದರೆ ಸಂಖ್ಯೆ ಮತ್ತು ಅಳತೆ ಸೇರಿ ಇನ್ನೊಂದು ಪದವನ್ನು ವರ್ಣಿಸುವಾಗ ಬಹುವಚನ ಮತ್ತೆ ಮಾಯವಾಗುತ್ತದೆ. ಚೀಲದ ತೂಕ ‘ಫಿಫ್ಟಿ ಕಿಲೋಸ್’, ಆದರೆ ಚೀಲ ‘ಎ ಫಿಫ್ಟಿ ಕಿಲೋ ಬ್ಯಾಗ್’.

ಲಗೇಜ್, ಫರ್ನಿಚರ್, ಇನ್ಫರ್ಮೇಶನ್, ಅಡ್ವೈಸ್, ಈಕ್ವಿಪ್‌ಮೆಂಟ್, ಫೀಡ್‌ಬ್ಯಾಕ್ ಇವು ನಿಘಂಟಿನಲ್ಲಿ ‘ಯು’ ಗುರುತು ಹೊತ್ತ ಪದಗಳು. ಕೊನೆಗೆ ‘ಸ್’ ಸೇರಿಸುವಂತಿಲ್ಲ. ಎಣಿಸಲೇಬೇಕಾದರೆ ‘ಟೂ ಪೀಸಸ್ ಆಫ್ ಲಗೇಜ್’ ಎನ್ನಿ, ಇಲ್ಲವೇ ನೇರವಾಗಿ ‘ಟೂ ಬ್ಯಾಗ್ಸ್’. ಕೆಲಸದವರ ಬಗ್ಗೆ ‘ಸ್ಟಾಫ್ಸ್’ ಎನ್ನಬೇಡಿ, ‘ಸ್ಟಾಫ್ ಮೆಂಬರ್ಸ್’ ಎನ್ನಿ. ‘ಒನ್ ಆಫ್ ಮೈ’ ಎಂದು ಶುರುವಾದರೆ ಮುಂದೆ ಬಹುವಚನ: ‘ಒನ್ ಆಫ್ ಮೈ ಫ್ರೆಂಡ್ಸ್’. ಗುಂಪಿನಿಂದ ಒಬ್ಬರನ್ನು ಆರಿಸುತ್ತಿದ್ದೀರಿ, ಗುಂಪು ಯಾವಾಗಲೂ ಬಹುವಚನ.

6. ‘ಅಲ್ಲಿ’ ಮತ್ತು ‘ಗೆ’ ಎಂಬ ಎರಡು ಪ್ರತ್ಯಯಗಳನ್ನು ಬಿಡಿಸಿ

ಇಂಗ್ಲಿಷಿನ ಇನ್, ಆನ್ (ನಾಲ್ಕನೆಯ ಹಂತದ ‘ಆನ್’ ಅಲ್ಲ, ಬೇರೆ ಪದ), ಅಟ್ ಎಂಬ ಪ್ರೆಪೊಸಿಷನ್‌ಗಳು ನಮ್ಮ ವಿಭಕ್ತಿ ಪ್ರತ್ಯಯದ ಕೆಲಸವನ್ನು ಮಾಡುವ ಪದಗಳು. ನಾಮಪದದ ಹಿಂದೆ ಅಂಟುವ ಬದಲು ಮುಂದೆ ನಿಲ್ಲುತ್ತವೆ. ನಮ್ಮ ಒಂದು ‘ಅಲ್ಲಿ’ಯನ್ನು ಅವರು ಮೂರಾಗಿ ಒಡೆದಿದ್ದಾರೆ. ಊರಿನಲ್ಲಿ ‘ಇನ್’, ನಿರ್ದಿಷ್ಟ ತಾಣದಲ್ಲಿ ‘ಅಟ್’, ಮೇಲ್ಮೈಯಲ್ಲಿ ‘ಆನ್’: ‘ಇನ್ ಮಡಿಕೇರಿ’, ‘ಅಟ್ ದಿ ಬಸ್ ಸ್ಟ್ಯಾಂಡ್’, ‘ಆನ್ ದಿ ಟೇಬಲ್’. ಕಾರಿನಲ್ಲಿ ‘ಇನ್ ದಿ ಕಾರ್’, ಬಸ್ಸಿನಲ್ಲಿ ‘ಆನ್ ದಿ ಬಸ್’.

ಸಮಯಕ್ಕೆ ಬಂದರೆ ವರ್ಷ ಮತ್ತು ತಿಂಗಳಿಗೆ ‘ಇನ್’, ದಿನಕ್ಕೆ ‘ಆನ್’, ಗಂಟೆಗೆ ‘ಅಟ್’. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದದ್ದು ಮೈಸೂರು ರಾಜ್ಯಕ್ಕೆ ಸೇರಿದ್ದು ‘ಆನ್ 1 ನವೆಂಬರ್ 1956’. ದಿನ ಬಿಟ್ಟು ಹೇಳಿದರೆ ‘ಇನ್ ನವೆಂಬರ್ 1956’. ಬೆಟ್ಟಗಳು ಕುಸಿದ ಮಳೆಗಾಲ ‘ಇನ್ ಆಗಸ್ಟ್ 2018’. ಬೆಳಿಗ್ಗೆಗೆ ‘ಇನ್ ದಿ ಮಾರ್ನಿಂಗ್’, ರಾತ್ರಿಗೆ ಮಾತ್ರ ‘ಅಟ್ ನೈಟ್’.

‘ಗೆ’ ಪ್ರತ್ಯಯ ಕಂಡಲ್ಲೆಲ್ಲ ‘ಟು’ ಇಡುವ ಅಭ್ಯಾಸವನ್ನು ಬಿಡಬೇಕು. ‘ಮಡಿಕೇರಿಗೆ ತಲುಪಿ’ ಎಂಬುದು ‘ರೀಚ್ ಮಡಿಕೇರಿ’. ‘ಮನೆಗೆ ಹೋಗು’ ಎಂಬುದು ‘ಗೋ ಹೋಮ್’. ‘ಇಲ್ಲಿಗೆ ಬಾ’ ಎಂಬುದು ‘ಕಮ್ ಹಿಯರ್’. ಅದೇ ರೀತಿ ‘ಬಗ್ಗೆ’ ಎಂದು ಮನಸ್ಸಿಗೆ ಬಂದ ಕೂಡಲೇ ‘ಡಿಸ್ಕಸ್ ಅಬೌಟ್’ ಎನ್ನಬೇಡಿ. ‘ಡಿಸ್ಕಸ್ ದಿ ಪ್ರೈಸ್’ ಸಾಕು. ‘ಮ್ಯಾರೀಡ್ ವಿತ್’ ಅಲ್ಲ, ‘ಮ್ಯಾರೀಡ್ ಟು’. ‘ರಿಟರ್ನ್’ ಎಂಬುದರಲ್ಲೇ ‘ಬ್ಯಾಕ್’ ಅಡಗಿರುವುದರಿಂದ ಅದನ್ನು ಮತ್ತೆ ಸೇರಿಸುವುದು ವ್ಯರ್ಥ.

ಕನ್ನಡವೇ ಸರಿದಾರಿ ತೋರಿಸುವ ಜಾಗವೂ ಇದೆ. ‘ಹನ್ನೊಂದರೊಳಗೆ’ ಎಂದರೆ ‘ಬೈ ಇಲೆವೆನ್’, ‘ಹನ್ನೊಂದರವರೆಗೆ’ ಎಂದರೆ ‘ಅಂಟಿಲ್ ಇಲೆವೆನ್’. ‘ಪ್ಲೀಸ್ ಚೆಕ್ ಔಟ್ ಅಂಟಿಲ್ ಇಲೆವೆನ್’ ಎಂಬ ಫಲಕಗಳು ಹುಟ್ಟುವುದು ಕನ್ನಡವನ್ನು ಕೇಳದೆ ಬರೆದಾಗ.

7. ಪದ ಸರಿಯಾಗಿದ್ದರೂ ಅರ್ಥ ದಾರಿ ತಪ್ಪಿದೆಯೇ ನೋಡಿ

ವ್ಯಾಕರಣ ಮುಗಿದ ಮೇಲೆ ಪದಗಳ ಸರದಿ. ಕೆಲವು ಇಂಗ್ಲಿಷ್ ಪದಗಳು ನಮ್ಮ ನಡುವೆ ಬಹುಕಾಲ ಬಾಳಿ ಬೇರೆಯೇ ಅರ್ಥ ಪಡೆದಿವೆ. ನಮ್ಮೂರಿನ ‘ಹೋಟೆಲ್’ ಎಂದರೆ ದೋಸೆ, ಕಾಫಿ ಸಿಗುವ ಜಾಗ; ಹೊರದೇಶದವರಿಗೆ ಅದು ಉಳಿದುಕೊಳ್ಳುವ ಕಟ್ಟಡ. ಊಟದ ಜಾಗವನ್ನು ಅವರಿಗೆ ‘ರೆಸ್ಟೊರೆಂಟ್’ ಎನ್ನಿ. ‘ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಪೇಮೆಂಟ್’ ಎಂದರೆ ನೀವು ಅವರನ್ನು ಶಂಕಿಸುತ್ತಿದ್ದೀರಿ ಎಂದಾಗುತ್ತದೆ. ಕೇಳಬೇಕಾಗಿರುವುದು ಪ್ರಶ್ನೆಯಾದರೆ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಬೇಕು.

ಬೆಳೆಗಾರರು ವಿಶೇಷವಾಗಿ ಗಮನಿಸಬೇಕಾದ ಪದ ‘ಚೆರಿ’. ಹಣ್ಣನ್ನು ಸಿಪ್ಪೆಸಹಿತ ಒಣಗಿಸಿದ್ದು ನಮಗೆ ಚೆರಿ, ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಿ ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಹೊರದೇಶದ ಕಾಫಿ ಹುರಿಯುವವರಿಗೆ ‘ಚೆರಿ’ ಎಂದರೆ ಗಿಡದಿಂದ ಕಿತ್ತ ಹಸಿ ಹಣ್ಣು. ನಮ್ಮ ಚೆರಿಯನ್ನು ಅವರು ‘ನ್ಯಾಚುರಲ್’ ಅಥವಾ ‘ಡ್ರೈ ಪ್ರೊಸೆಸ್ಡ್’ ಎನ್ನುತ್ತಾರೆ, ತೊಳೆದದ್ದನ್ನು ‘ವಾಶ್ಡ್’ ಎನ್ನುತ್ತಾರೆ. ‘ರೊಬಸ್ಟಾ ಚೆರಿ’ ಎಂದಷ್ಟೇ ಬರೆದು ದರ ಕೇಳಿದರೆ ಎರಡು ಕಡೆಯವರೂ ಬೇರೆ ಬೇರೆ ಸರಕಿನ ಬಗ್ಗೆ ಮಾತಾಡುತ್ತಿರಬಹುದು. ‘ಬ್ಲಾಸಮ್ ಶವರ್ಸ್’ ಎಂಬ ನಮ್ಮ ಹೂಮಳೆಯ ಹೆಸರು ಚೆಂದವಾಗಿದೆ, ಅದನ್ನು ಬಳಸಿ. ಆದರೆ ಅತಿಥಿಗೆ ಅದು ಕಾಫಿ ಹೂ ಬಿಡಲು ಬೇಕಾದ ಬೇಸಿಗೆಯ ಮಳೆ ಎಂದು ಒಂದು ವಾಕ್ಯದಲ್ಲಿ ತಿಳಿಸಿ.

ಸಣ್ಣಪುಟ್ಟ ಜೋಡಿಗಳನ್ನು ಬೇಗ ಮುಗಿಸುತ್ತೇನೆ. ‘ಇಡು’ ಎಂಬುದಕ್ಕೆ ‘ಪುಟ್’. ಅಲ್ಲೇ ಇಟ್ಟುಕೊಂಡಿರು ಎಂಬುದಕ್ಕೆ ‘ಕೀಪ್’. ನೀವು ಸಾಲ ಪಡೆದರೆ ‘ಬಾರೋ’, ಕೊಟ್ಟರೆ ‘ಲೆಂಡ್’. ಲೈಟ್ ಹಾಕುವುದು ‘ಪುಟ್ ದಿ ಲೈಟ್’ ಅಲ್ಲ, ‘ಸ್ವಿಚ್ ಆನ್ ದಿ ಲೈಟ್’. ಇವತ್ತು ಬೆಳಿಗ್ಗೆ ಎಂಬುದು ‘ದಿಸ್ ಮಾರ್ನಿಂಗ್’, ನಿನ್ನೆ ರಾತ್ರಿ ‘ಲಾಸ್ಟ್ ನೈಟ್’. ಬಿಸಿಬಿಸಿ ಕಾಫಿಯನ್ನು ‘ಹಾಟ್ ಹಾಟ್ ಕಾಫಿ’ ಎನ್ನುವುದು ಕೇಳಲು ಮುದ್ದಾಗಿದ್ದರೂ ಬರೆಯುವಾಗ ‘ಪೈಪಿಂಗ್ ಹಾಟ್’ ಎನ್ನಿ. ಷಡ್ಡಕನನ್ನು ‘ಕೋ ಬ್ರದರ್’ ಎಂದರೆ ಹೊರಗಿನವರಿಗೆ ತಿಳಿಯುವುದಿಲ್ಲ. ‘ಮೈ ವೈಫ್ಸ್ ಸಿಸ್ಟರ್ಸ್ ಹಸ್ಬೆಂಡ್’ ಎಂದು ಬಿಡಿಸಿ ಹೇಳಬೇಕಾಗುತ್ತದೆ. ‘ಇಲ್ಲೇ ಇದ್ದೇನೆ’ ಎಂಬುದರ ಏಕಾರ ‘ಐ ಆ್ಯಮ್ ಹಿಯರ್ ಓನ್ಲಿ’ ಎಂದಾಗದೆ ‘ಐ ಆ್ಯಮ್ ರೈಟ್ ಹಿಯರ್’ ಎಂದಾಗಬೇಕು.

8. ವಿನಯ ಉಳಿದಿದೆಯೇ?

‘ಬನ್ನಿ’ ಎಂಬ ಒಂದೇ ಪದದಲ್ಲಿ ಕರೆಯೂ ಇದೆ, ಗೌರವವೂ ಇದೆ. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ‘ಯು’ ಒಂದೇ ಇರುವುದರಿಂದ ಗೌರವವನ್ನು ಬೇರೆ ಪದಗಳಿಂದ ತುಂಬಬೇಕು. ‘ಯು ಕಮ್ ಅಟ್ ಟೆನ್’ ಎಂಬುದು ಅಪ್ಪಣೆಯಂತೆ ಕೇಳುತ್ತದೆ. ‘ಪ್ಲೀಸ್ ಕಮ್ ಅಟ್ ಟೆನ್’ ಎಂಬುದು ಸಭ್ಯ. ಅಪರಿಚಿತರಿಗೆ ‘ಕುಡ್ ಯು ಪ್ಲೀಸ್ ಕಮ್ ಅಟ್ ಟೆನ್?’ ಇನ್ನೂ ಮೃದು. ‘ಐ ವಾಂಟ್’ ಎಂಬಲ್ಲಿ ‘ಐ ವುಡ್ ಲೈಕ್’ ಇಡಿ. ‘ಯು ಮಸ್ಟ್ ಟ್ರೈ ದಿ ಪಂದಿ ಕರಿ’ ಎಂಬುದು ಪ್ರೀತಿಯ ಒತ್ತಾಯ, ಆದರೆ ‘ಯು ಮಸ್ಟ್ ಪೇ ಟುಡೇ’ ಎಂಬುದು ಬೆದರಿಕೆ, ಪದ ಒಂದೇ.

‘ಡು ದಿ ನೀಡ್‌ಫುಲ್’ ಎಂಬ ಕಚೇರಿಯ ನುಡಿಗಟ್ಟು ತಪ್ಪೇನಲ್ಲ, ಹಳೆಯದು. ಅದರ ನಿಜವಾದ ದೋಷವೆಂದರೆ ಏನು ಮಾಡಬೇಕು ಎಂಬುದನ್ನೇ ಅದು ಹೇಳುವುದಿಲ್ಲ. ‘ಪ್ಲೀಸ್ ಸೈನ್ ಆ್ಯಂಡ್ ರಿಟರ್ನ್ ದಿ ಫಾರ್ಮ್’ ಎಂದು ಕೆಲಸವನ್ನು ಹೆಸರಿಸಿ. ಮಿಂಚಂಚೆಗೆ ಉತ್ತರಿಸಿ ಎನ್ನಲು ‘ರಿವರ್ಟ್’ ನಮ್ಮಲ್ಲಿ ನಡೆಯುತ್ತದೆ. ಹೊರಗಿನವರಿಗೆ ‘ರಿಪ್ಲೈ’ ಎನ್ನುವುದು ಕ್ಷೇಮ.

9. ಎಲ್ಲವನ್ನೂ ತಿದ್ದಲು ಹೊರಡಬೇಡಿ

ಭಾರತದಲ್ಲಿ ಬೆಳೆದ ಇಂಗ್ಲಿಷೆಲ್ಲ ತಪ್ಪು ಎಂಬ ಅಂಜಿಕೆಯನ್ನು ನಾನು ಒಪ್ಪುವುದಿಲ್ಲ. ನಿಗದಿತ ದಿನಕ್ಕಿಂತ ಮೊದಲೇ ನಡೆಸುವುದು ಎಂಬರ್ಥದ ‘ಪ್ರಿಪೋನ್’ ಎಂಬ ಪದ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿಯೇ ಇದೆ. ಲಕ್ಷ, ಕೋಟಿಗಳೂ ಹಾಗೆಯೇ. ನಮ್ಮವರಿಗೆ ಬರೆಯುವಾಗ ಇವನ್ನು ಧಾರಾಳವಾಗಿ ಬಳಸಿ. ಹೊರದೇಶದವರಿಗೆ ಬರೆಯುವಾಗ ಒಂದು ಲಕ್ಷವನ್ನು ‘ಒನ್ ಹಂಡ್ರೆಡ್ ಥೌಸಂಡ್’ ಎನ್ನಿ.

ತಾರೀಖಿನ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. 5/11 ಎಂದರೆ ನಮಗೆ ನವೆಂಬರ್ 5, ಅಮೆರಿಕದವರಿಗೆ ಮೇ 11. ಬುಕಿಂಗ್ ಸಂದೇಶದಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. ‘ಟ್ವೆಲ್ವ್’ ಎಂದಷ್ಟೇ ಬರೆಯದೆ ‘ನೂನ್’ ಅಥವಾ ‘ಮಿಡ್‌ನೈಟ್’ ಎಂದು ಸೇರಿಸಿ.

10. ಒಂದು ಸಂದೇಶವನ್ನು ಪೂರ್ತಿ ತಿದ್ದಿ ನೋಡಿ

ಅಭ್ಯಾಸಕ್ಕೆಂದು ನಾನೇ ಕಟ್ಟಿದ ಸಂದೇಶ ಇದು: ‘ಡಿಯರ್ ಸರ್, ಮೈಸೆಲ್ಫ್ ಓನರ್ ಆಫ್ ಹೋಮ್‌ಸ್ಟೇ. ಯೆಸ್ಟರ್‌ಡೇ ಐ ಹ್ಯಾಡ್ ರಿಸೀವ್ಡ್ ಯುವರ್ ಅಡ್ವಾನ್ಸ್. ವಿ ಆರ್ ಹ್ಯಾವಿಂಗ್ ಟೂ ರೂಮ್ ಫಾರ್ ಯು. ಆಫ್ಟರ್ ಯು ವಿಲ್ ರೀಚ್ ಟು ಮಡಿಕೇರಿ, ಯು ಕಾಲ್ ಮಿ. ಮೈ ಡ್ರೈವರ್ ಟೋಲ್ಡ್ ಐ ವಿಲ್ ಕಮ್ ಟು ಬಸ್ ಸ್ಟ್ಯಾಂಡ್. ಜೀಪ್ ಈಸ್ ಸ್ಮಾಲ್, ಸೋ ಬ್ರಿಂಗ್ ಲೆಸ್ ಲಗೇಜಸ್.’

ಮೇಲಿನ ಹಂತಗಳ ಸಾಲಿನಲ್ಲೇ ಹೋಗೋಣ. ಕಾಲ: ‘ಹ್ಯಾಡ್ ರಿಸೀವ್ಡ್’ ಹೋಗಿ ‘ರಿಸೀವ್ಡ್’, ‘ಆರ್ ಹ್ಯಾವಿಂಗ್’ ಹೋಗಿ ‘ಹ್ಯಾವ್’, ‘ವಿಲ್ ರೀಚ್’ ಹೋಗಿ ‘ರೀಚ್’. ಸರ್ವನಾಮ: ಡ್ರೈವರ್‌ನ ‘ಐ’ ಹೋಗಿ ‘ಹಿ’, ಜೊತೆಗೆ ‘ಟೋಲ್ಡ್’ ಹೋಗಿ ‘ಸೆಡ್’. ಆರ್ಟಿಕಲ್: ಓನರ್, ಹೋಮ್‌ಸ್ಟೇ, ಬಸ್ ಸ್ಟ್ಯಾಂಡ್, ಜೀಪ್ ನಾಲ್ಕಕ್ಕೂ ‘ದಿ’. ಎಣಿಕೆ: ‘ರೂಮ್ಸ್’, ‘ಲಗೇಜ್’. ‘ರೀಚ್’ ಪಕ್ಕದ ‘ಟು’ ಬೇಡ. ‘ಮೈಸೆಲ್ಫ್’ ಎಂಬುದು ಕರ್ತೃವಾಗಿ ನಿಲ್ಲಲಾರದು, ‘ಐ ಆ್ಯಮ್’ ಬೇಕು. ಆಜ್ಞೆಯಂತಿದ್ದ ‘ಯು ಕಾಲ್ ಮಿ’, ‘ಬ್ರಿಂಗ್’ ಎರಡಕ್ಕೂ ‘ಪ್ಲೀಸ್’.

ತಿದ್ದಿದ ರೂಪ: ‘ಡಿಯರ್ ಸರ್, ಐ ಆ್ಯಮ್ ದಿ ಓನರ್ ಆಫ್ ದಿ ಹೋಮ್‌ಸ್ಟೇ. ಐ ರಿಸೀವ್ಡ್ ಯುವರ್ ಅಡ್ವಾನ್ಸ್ ಯೆಸ್ಟರ್‌ಡೇ. ವಿ ಹ್ಯಾವ್ ಟೂ ರೂಮ್ಸ್ ಫಾರ್ ಯು. ಪ್ಲೀಸ್ ಕಾಲ್ ಮಿ ಆಫ್ಟರ್ ಯು ರೀಚ್ ಮಡಿಕೇರಿ. ಮೈ ಡ್ರೈವರ್ ಸೆಡ್ ಹಿ ವುಡ್ ಕಮ್ ಟು ದಿ ಬಸ್ ಸ್ಟ್ಯಾಂಡ್. ದಿ ಜೀಪ್ ಈಸ್ ಸ್ಮಾಲ್, ಸೋ ಪ್ಲೀಸ್ ಬ್ರಿಂಗ್ ಲೆಸ್ ಲಗೇಜ್.’

ವ್ಯಾಕರಣದ ಲೆಕ್ಕದಲ್ಲಿ ಇದರಲ್ಲಿ ಈಗ ದೋಷವಿಲ್ಲ. ಆದರೂ ಕಳಿಸುವ ಮುನ್ನ ‘ದಿ ಬಸ್ ಸ್ಟ್ಯಾಂಡ್’ ಎಂಬಲ್ಲಿ ಮತ್ತೆ ನಿಲ್ಲಿ. ‘ದಿ’ ಎಂದರೆ ಯಾವುದೆಂದು ಇಬ್ಬರಿಗೂ ಗೊತ್ತಿರಬೇಕು. ಮಡಿಕೇರಿಯಲ್ಲಿ ಕೆಎಸ್‌ಆರ್‌ಟಿಸಿ ನಿಲ್ದಾಣ ಬೇರೆ, ಖಾಸಗಿ ಬಸ್ ನಿಲ್ದಾಣ ಬೇರೆ. ಅತಿಥಿ ಇಳಿಯುವುದು ಯಾವುದರಲ್ಲಿ ಎಂದು ಕೇಳಿಕೊಂಡು ಅದರ ಹೆಸರನ್ನು ಸೇರಿಸಿ, ಆಮೇಲೆ ಕಳಿಸಿ.